ಮಂಗಳವಾರದ ಬಿಳಿ ಅಂಗಿ

ಸಾವಿನ ಮನೆಯಲ್ಲಿ ಫೋನು ನೋಡಬಾರದು. ಅಷ್ಟು ಮರ್ಯಾದೆ ನನಗೂ ಗೊತ್ತು. ಆದರೂ ಹರಿಹರದ ಆ ಮನೆಯ ಪಡಸಾಲೆಯಲ್ಲಿ, ಹಣೆಗೆ ವಿಭೂತಿ ಬಳಿದು ಕುಳ್ಳಿರಿಸಿದ್ದ ಅವರ ಎದುರಿಗೇ ಕೂತು, ಚೀಲದೊಳಗೆ ಮತ್ತೆ ಮತ್ತೆ ನಡುಗುತ್ತಿದ್ದ ಫೋನನ್ನು ತೆಗೆದು ನೋಡಿದೆ. ಯಾವುದೋ ಗುಂಪಿನಿಂದ ಯಾವುದೋ ಗುಂಪಿಗೆ ಹಾರಿ ಬಂದ ಸಂದೇಶ. "ರಾಜಕೀಯ ಹತ್ಯೆಯ ಆರೋಪಿಗೂ ಗುಪ್ತಚರ ಸಂಸ್ಥೆಗೂ ಕೊಂಡಿಯಾಗಿದ್ದ ವ್ಯಕ್ತಿ ಹರಿಹರದಲ್ಲಿ ನಿಗೂಢ ಸಾವು." ಅದರ ಕೆಳಗೆ, ಪುರಾವೆಯೆಂಬಂತೆ, ಹಳೆಯ ಪತ್ರಿಕಾ ವರದಿಯೊಂದರ ಚಿತ್ರ. ಆ ವರದಿಯ ಮೇಲೆ ನನ್ನ ಹೆಸರಿತ್ತು.

ಅವರು ಸತ್ತದ್ದು ಮೂತ್ರಪಿಂಡ ಸೋತು, ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಮಲಗಿ. ಅದರಲ್ಲಿ ಆರು ದಿನ ನಾನು ಪಕ್ಕದಲ್ಲೇ ಇದ್ದೆ. ಗಂಜಿ ಕುಡಿಸಿದ್ದೇನೆ, ಬಾಯಿ ಒರೆಸಿದ್ದೇನೆ. ನಿಗೂಢವೆನ್ನುವುದು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಎಪ್ಪತ್ತೆಂಟು ವರ್ಷದವರು, ಮುದುಕರು ಸಾಯುವ ಹಾಗೆಯೇ ಸತ್ತಿದ್ದರು.

ಅವರ ಹೆಸರು ಈ ಬರಹದಲ್ಲಿ ಬರುವುದಿಲ್ಲ. ಯಾಕೆ ಬರುವುದಿಲ್ಲ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ನಾನು ಅವರನ್ನು ಸರ್ ಅನ್ನುತ್ತಿದ್ದೆ, ಅವರು ನನ್ನನ್ನು ಅವ್ವಾ ಅನ್ನುತ್ತಿದ್ದರು. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು.

ನಾನು ದಾವಣಗೆರೆಯ ಒಂದು ಸಣ್ಣ ಪತ್ರಿಕೆಗೆ ವರದಿಗಾರ್ತಿಯಾಗಿ ಸೇರಿದಾಗ ಅವರು ಅಲ್ಲಿ ಸುದ್ದಿ ತಿದ್ದುವ ಮೇಜಿನಲ್ಲಿದ್ದರು. ಅದಕ್ಕೂ ಮುಂಚೆ ತಂತಿ ಕಚೇರಿಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ದಿನಾ ಮಧ್ಯಾಹ್ನ ಹರಿಹರದಿಂದ ಬಸ್ಸಿನಲ್ಲಿ ಬರುವರು, ಪುಟಗಳು ಅಚ್ಚಿಗೆ ಹೋದ ಮೇಲೆ ಮರಳುವರು. ಸದಾ ಬಿಳಿ ಅಂಗಿ, ಮಳೆ ಇರಲಿ ಬಿಡಲಿ ಕಂಕುಳಲ್ಲಿ ಕೊಡೆ. ಯೋಚನೆ ಮಾಡುವಾಗ ಬಲಗೈಯ ಎರಡು ಬೆರಳು ಮೇಜಿನ ಮೇಲೆ ಗಿಡ್ಡ, ಉದ್ದ, ಗಿಡ್ಡ ಎಂದು ತಾನಾಗಿ ಬಡಿಯುತ್ತಿದ್ದವು. ತಂತಿಯ ಚಾಳಿ. ಬಡಿತ ನಡೆದಿದ್ದರೆ ನಮ್ಮ ಸುದ್ದಿಗೆ ಉಸಿರಿದೆ ಎಂದರ್ಥ. ನಿಂತಿತೋ, ಎದ್ದು ಹೋಗಿ ಮತ್ತೆ ಫೋನು ಮಾಡುವುದೇ ಲೇಸು.

ಅವರ ಮೇಜಿನ ಮೇಲೆ ಹಲಗೆಗೆ ಹೊಡೆದ ಮೂರು ಉದ್ದನೆಯ ಮೊಳೆಗಳಿದ್ದವು, ತುದಿ ಮೇಲಾಗಿ. ನಾವು ಬರೆದು ತಂದ ಸುದ್ದಿಯ ಒಂದೊಂದು ಸಂಗತಿಯನ್ನೂ ಚೀಟಿಯಲ್ಲಿ ಬರೆದು ಒಂದೊಂದು ಮೊಳೆಗೆ ಚುಚ್ಚುವರು. ಮೊದಲನೆಯದು ಕಂಡದ್ದು. ಎರಡನೆಯದು ಕೇಳಿದ್ದು. ಮೂರನೆಯದು ಕೂಡಿಸಿದ್ದು, ಅಂದರೆ ಕಂಡದ್ದನ್ನೂ ಕೇಳಿದ್ದನ್ನೂ ಸೇರಿಸಿ ನಾವೇ ಕಟ್ಟಿಕೊಂಡದ್ದು. ಮೊದಲನೆಯದು ಅಚ್ಚಿಗೆ. ಎರಡನೆಯದು ಹೇಳಿದವರ ಹೆಸರಿದ್ದರೆ ಅಚ್ಚಿಗೆ. ಮೂರನೆಯದು ಮೊಳೆಯಲ್ಲೇ ಇರಬೇಕು.

ಯಾರಾದರೂ ಏದುಸಿರು ಬಿಡುತ್ತಾ ಸುದ್ದಿ ತಂದರೆ, "ಏನವ್ವಾ, ಇವತ್ತು ಎತ್ತು ಈಯ್ತಾ? ಕೊಟ್ಟಿಗೆಗೆ ಕಟ್ಟಣೇನು?" ಅನ್ನುವರು.

ನಾನು ಭಾನುವಳ್ಳಿಯವಳು. ಒಮ್ಮೆ ನಮ್ಮೂರ ಹತ್ತಿರ ಕಾಲುವೆ ಒಡೆಯಿತು. ನೂರಾರು ಎಕರೆ ಭತ್ತ ನೀರುಪಾಲು ಎಂದು ಬರೆದೆ.

"ಯಾರು ಕಂಡಿದ್ದು?"

"ನಮ್ಮಪ್ಪನೇ ಫೋನ್ ಮಾಡಿ ಹೇಳಿದ್ರು ಸರ್."

"ನಿಮ್ಮಪ್ಪ ಎರಡನೇ ಮೊಳೆ. ನೀನು ಬಸ್ ಹತ್ತು."

ಹೋಗಿ ನೋಡಿದರೆ ಹನ್ನೊಂದು ಜನರ ಗದ್ದೆ. ನಮ್ಮಪ್ಪ ಆಮೇಲೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ.

ಈ ಮೊಳೆಗಳು ಎಲ್ಲಿಂದ ಬಂದವು ಎಂದು ಒಂದು ದಿನ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಕೇಳಿದೆ. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲದ ಮಾತು. ಮಲೆಬೆನ್ನೂರಿನ ಕಡೆಯ ಒಬ್ಬನಿಗೆ ಮುಂಬಯಿಯ ಆಸ್ಪತ್ರೆಯಿಂದ ತಂತಿ ಬಂತು: ನಿನ್ನ ಅಣ್ಣನ ಸ್ಥಿತಿ ಗಂಭೀರ, ಹೊರಟು ಬಾ. ತಂತಿ ತೆಗೆದುಕೊಳ್ಳಲು ಬಂದ ತಮ್ಮ, ಹಿಂಗಂದರೆ ಏನ್ರಿ ಅಂತ ಕೇಳಿದ. ಇವರು, ಇಂಥ ತಂತಿ ಬಂದರೆ ಮುಗೀತು ಅಂತಲೇ ತಿಳೀರಿ ಅಂದುಬಿಟ್ಟರು.

"ಆ ಮನಿ ಹೆಣ್ಣುಮಗಳು ಬಳೆ ಒಡಕಂಡ್ಲು. ತಿಂಗಳ ಮ್ಯಾಲೆ ಗಂಡ ನಡಕಂತ ಬಂದ. ನಾನು ಸುಳ್ಳು ಹೇಳಿರ್ಲಿಲ್ಲ ಅವ್ವಾ. ಕೂಡಿಸಿದ್ದೆ."

ಅಷ್ಟು ಹೇಳಿ ಮಂಡಕ್ಕಿ ಪೊಟ್ಟಣ ಮಡಚಿ ಬದಿಗಿಟ್ಟರು. ಆ ದಿನ ಮತ್ತೆ ತಿನ್ನಲಿಲ್ಲ.

ಕಣ್ಣಿನ ನರ ಸೋತು ಓದಲಾಗದ ಹಾಗಾದ ಮೇಲೆ ಕೆಲಸ ಬಿಟ್ಟರು. ಮೊಳೆಗಳ ಹಲಗೆಯನ್ನು ನನಗೆ ಕೊಟ್ಟರು. ದೊಡ್ಡ ಸುದ್ದಿ ಏನೇ ಇದ್ದರೂ ನಾನು ಅಚ್ಚಿಗೆ ಕಳಿಸುವ ಮುಂಚೆ ಹರಿಹರಕ್ಕೆ ಹೋಗಿ ಅವರಿಗೆ ಓದಿ ಹೇಳುವುದು ರೂಢಿಯಾಯಿತು. ಅವರ ಹೆಂಡತಿ, ನಾನು ಅಮ್ಮ ಅನ್ನುತ್ತಿದ್ದೆ, ಊಟಕ್ಕೆ ಕೂರಿಸದೆ ಕಳಿಸುತ್ತಿರಲಿಲ್ಲ.

ಇಷ್ಟರಲ್ಲಿ ಆ ಕೊಲೆ ನಡೆಯಿತು. ಬೇರೊಂದು ರಾಜ್ಯದಲ್ಲಿ, ತುಂಬಿದ ಸಭೆಯಲ್ಲಿ, ಪಕ್ಷವೊಂದರ ನಾಯಕರನ್ನು ಹತ್ತಿರದಿಂದ ಗುಂಡಿಕ್ಕಿ ಕೊಂದರು. ನಾಲ್ಕನೆಯ ದಿನ ಒಬ್ಬನನ್ನು ಹಿಡಿದರು. ಅವನು ಕೆಲವು ವರ್ಷಗಳ ಹಿಂದೆ ಒಂದೂವರೆ ವರ್ಷ ಹರಿಹರದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಬೇರೆ ಹೆಸರಿನಲ್ಲಿ ಕೆಲಸ ಮಾಡಿದ್ದನೆಂದು ಗೊತ್ತಾದಾಗ ನಮ್ಮ ಕಚೇರಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಇಲ್ಲಿ ಎಲ್ಲರೂ ಅವನನ್ನು ಭಯ್ಯಾ ಎಂದಷ್ಟೇ ಕರೆಯುತ್ತಿದ್ದರಂತೆ. ಅವನು ಗುಪ್ತಚರ ಸಂಸ್ಥೆಯೇ ಸಾಕಿದ ಮನುಷ್ಯ ಎಂದು ಒಂದು ಪಕ್ಷ, ಅದು ತನಿಖೆಯ ದಾರಿ ತಪ್ಪಿಸುವ ಕಟ್ಟುಕತೆ ಎಂದು ಇನ್ನೊಂದು ಪಕ್ಷ. ಟಿವಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಮೊದಮೊದಲು ನಾನು ನೆಟ್ಟಗೇ ನಡೆದೆ. ಒಂದು ಭಾನುವಾರ ಹೋಗಿ ಸಿಕ್ಕ ಸಂಗತಿಗಳನ್ನೆಲ್ಲ ಅವರ ಮುಂದೆ ಸುರಿದೆ. ಆರೋಪಿ ಹಿಂದೆ ಯಾವುದೋ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ಮೇಲಿನಿಂದ ಫೋನು ಬಂದು ಎರಡೇ ದಿನಕ್ಕೆ ಬಿಡುಗಡೆಯಾಗಿದ್ದನೆಂದು ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಹೇಳಿದ್ದರು.

"ಫೋನ್ ಎತ್ತಿದವರು ಅವ್ರೇನಾ?"

"ಅಲ್ಲ ಸರ್. ಅವರು ಆಗ ಬೇರೆ ಜಿಲ್ಲೆಯಲ್ಲಿದ್ದರು."

"ಕೇಳಿದ್ದು. ಹೆಸರಿಟ್ಟು ಹಾಕು. ಫೋನ್ ಎತ್ತಿರ್ಲಿಲ್ಲ ಅನ್ನೋದನ್ನೂ ಹಾಕು. ಮುಂದೆ?"

"ಅವನ ಹತ್ತಿರ ಎರಡು ಹೆಸರಿನ ಎರಡು ಗುರುತಿನ ಚೀಟಿ ಸಿಕ್ಕಿವೆ. ಪೊಲೀಸರ ಜಪ್ತಿ ಪಟ್ಟಿಯಲ್ಲಿದೆ, ನಾನೇ ನೋಡಿದ್ದೀನಿ."

"ಚೀಟಿ ಎರಡು ಅನ್ನೋದು ಕಂಡದ್ದು. ಅದಕ್ಕೇ ಗೂಢಚಾರ ಅನ್ನೋದು ಕೂಡಿಸಿದ್ದು. ರೇಷನ್ನಿಗೆ ಅಂತ ಎರಡು ಕಾರ್ಡು ಇಟ್ಕಂಡೋರು ನಮ್ಮ ಓಣ್ಯಾಗೇ ನಾಕು ಮಂದಿ ಅದಾರೆ. ಅವ್ರನ್ನೂ ದಿಲ್ಲಿಗೆ ಕಳಿಸ್ತೀಯೇನು?"

ನಕ್ಕೆ. ಆದರೆ ಒಳಗೊಳಗೆ ಸಿಟ್ಟು. ರಾಜ್ಯದ ದೊಡ್ಡ ಪತ್ರಿಕೆಗಳೆಲ್ಲ ಓಡುತ್ತಿರುವಾಗ, ಆರೋಪಿ ಬದುಕಿದ ಊರಿನ ಪಕ್ಕದಲ್ಲೇ ಕೂತ ನಾನು ಚೀಟಿ ಚುಚ್ಚುತ್ತಿದ್ದೆ.

ಆ ವಾರ ನನಗೆ ಮೂವರು ಸಿಕ್ಕರು. ಭಯ್ಯಾನಿಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಮನೆಯೊಡೆಯ, ಅವನು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಹಿಂದಿಯಲ್ಲಿ "ದಿಲ್ಲಿಯಿಂದ ಏನಾದರೂ ಬಂತೇ" ಎಂದು ಕೇಳುತ್ತಿದ್ದುದನ್ನು ಕೇಳಿಸಿಕೊಂಡಿದ್ದ. ಆ ಓಣಿಗೆ ಅಂಚೆ ಹಂಚುತ್ತಿದ್ದವರು, ದಿಲ್ಲಿಯಿಂದ ಬಂದ, ಭಾರತ ಸರ್ಕಾರದ ಮುದ್ರೆಯ ಲಕೋಟೆಗಳನ್ನು ಅವನ ಕೈಗೆ ಕೊಟ್ಟಿದ್ದರು. ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯವನು ಹೇಳಿದ್ದನ್ನಂತೂ ಅಕ್ಷರ ಬಿಡದೆ ಬರೆದುಕೊಂಡೆ.

"ಮಂಗಳವಾರ ವರ್ಕ್‌ಶಾಪಿಗೆ ರಜಾ ನೋಡ್ರಿ. ಅವತ್ತು ಮಧ್ಯಾಹ್ನ ಒಬ್ರು ವಯಸ್ಸಾದೋರು ಬರೋರು. ಬಿಳಿ ಅಂಗಿ. ಇಬ್ರೂ ಮೂಲ್ಯಾಗೆ ಕುಂತು ಹಿಂದ್ಯಾಗೆ ಮಾತಾಡೋರು. ಹೋಗಬೇಕಾದ್ರೆ ಅವ್ರು ಇವನ ಕೈಗೆ ಒಂದು ಕವರ್ ಕೊಡೋರು. ವಾರಾ ವಾರಾ."

ಅವರ ಹೆಸರೇನು ಎಂದು ನಾನು ಕೇಳಿದೆನೇ? ಈ ಊರವರೇ ಇರಬಹುದೇ, ಇನ್ನೊಮ್ಮೆ ನೋಡಿದರೆ ಗುರುತಿಸುತ್ತೀಯಾ ಎಂದು ಕೇಳಿದೆನೇ? ಕೇಳಲಿಲ್ಲ. ಹೆಸರಿಲ್ಲದ ಬಿಳಿ ಅಂಗಿಯೇ ನನಗೆ ಚೆನ್ನಾಗಿ ಕಂಡಿತು. ವರ್ಷಗಟ್ಟಲೆ ಬಿಳಿ ಅಂಗಿಯೊಂದರ ಪಕ್ಕದಲ್ಲೇ ಕೂತು ಕೆಲಸ ಮಾಡಿದವಳಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲವೇ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಬರಲಿಲ್ಲ. ಮನೆಯ ಮನುಷ್ಯರನ್ನು ಯಾರು ಪತ್ರಿಕೆಯ ಸುದ್ದಿಯಲ್ಲಿ ಹುಡುಕುತ್ತಾರೆ?

ಶನಿವಾರ ಬರೆದು ಮುಗಿಸಿದೆ. ಭಾನುವಾರ ಬೆಳಿಗ್ಗೆ ಎದ್ದವಳು ರೂಢಿಯಂತೆ ಹರಿಹರದ ಬಸ್ಸು ಹತ್ತುವ ಮುಂಚೆ, ಇನ್ಯಾರಾದರೂ ನನಗಿಂತ ಮೊದಲು ಬರೆದುಬಿಟ್ಟಾರು ಎಂಬ ಭಯಕ್ಕೆ, ಸಂಪಾದಕರಿಗೆ ಕಳಿಸಿಬಿಟ್ಟೆ. ಬಸ್ಸು ದಾರಿಯಲ್ಲಿನ ಬಾತಿ ಊರು ದಾಟುವಷ್ಟರಲ್ಲಿ ಅದು ನಮ್ಮ ಜಾಲತಾಣದಲ್ಲಿತ್ತು. "ಹರಿಹರದಲ್ಲಿ ಆರೋಪಿಯನ್ನು ಭೇಟಿಯಾಗುತ್ತಿದ್ದ ಗುಪ್ತಚರ ಮಧ್ಯವರ್ತಿ ಯಾರು?" ನಾನು ಹೋದದ್ದು ಪರೀಕ್ಷೆಗಲ್ಲ, ಶಹಬ್ಬಾಸ್‌ಗಿರಿಗೆ.

ಪಡಸಾಲೆಯ ಬೆಂಚಿನ ಮೇಲೆ ಕೂತು ಓದತೊಡಗಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಬೆರಳು ಬೆಂಚಿನ ಮೇಲೆ ಬಡಿಯುತ್ತಿದ್ದವು. ಮನೆಯೊಡೆಯನ ಮಾತು ಮುಗಿಯಿತು, ಅಂಚೆಯದ್ದು ಮುಗಿಯಿತು. ಚಹಾ ಅಂಗಡಿ, ಮಂಗಳವಾರ, ಬಿಳಿ ಅಂಗಿ ಎಂದು ಓದಿದೆ. ಬಡಿತ ನಿಂತಿತು.

"ಯಾವ ಅಂಗಡಿ?"

ಹೇಳಿದೆ.

"ಆ ಹುಡುಗನ್ನ ಎಲ್ಲಾರೂ ಭಯ್ಯಾ ಅಂತಿದ್ರು ಅಂದ್ಯಾ? ಎಡಗೈ ಕಿರುಬೆರಳು ಮೊಂಡೈತಾ?"

ಜಪ್ತಿ ಪಟ್ಟಿಯ ಜೊತೆಗಿದ್ದ ಗುರುತಿನ ವಿವರದಲ್ಲಿ ಅದಿತ್ತು. ಅದನ್ನು ನಾನು ಎಲ್ಲೂ ಬರೆದಿರಲಿಲ್ಲ.

"ಆ ಮನುಷ್ಯ ನಾನೇ ಅವ್ವಾ," ಅಂದರು.

ಅಡಿಗೆಮನೆಯಲ್ಲಿ ಅಮ್ಮ ರೊಟ್ಟಿ ಬಡಿಯುತ್ತಿದ್ದ ಸದ್ದೂ ನಿಂತಿತು. ನೆಲ ಕುಸಿದ ಹಾಗಾಯಿತು ಎಂದು ಬರೆಯುತ್ತಾರಲ್ಲ, ಹಾಗೇನೂ ಆಗಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಮತ್ತೆ ಮೊದಲಿನಿಂದ ಓದಲು ಶುರು ಮಾಡಿದೆ, ಹುಚ್ಚಿಯ ಹಾಗೆ. ಅವರೇ ತಡೆದರು.

ಟಿವಿ ಅವರಿಗೆ ಕಾಣುತ್ತಿರಲಿಲ್ಲ. ಸುದ್ದಿಯಲ್ಲಿ ಬರುತ್ತಿದ್ದ ಹೆಸರು ಬೇರೆ, ಲೇತ್ ವರ್ಕ್‌ಶಾಪುಗಳಂತೂ ಹರಿಹರದ ತುಂಬ. ಹಾಗಾಗಿ ಹಿಡಿದದ್ದು ಆ ಹುಡುಗನನ್ನೇ ಎಂದು ಅವರಿಗೆ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ಅವನ ತಮ್ಮನೊಬ್ಬ ಊರಿನಲ್ಲಿ ಕಾಣೆಯಾಗಿದ್ದನಂತೆ. ಸಮವಸ್ತ್ರವಿಲ್ಲದ ಯಾರೋ ಜೀಪಿನಲ್ಲಿ ಕರೆದೊಯ್ದರು ಎಂದು ಅವನು ಹೇಳುತ್ತಿದ್ದ. ಇವರು ಅವನಿಗಾಗಿ ದಿಲ್ಲಿಯ ಕಚೇರಿಗಳಿಗೆ ಅರ್ಜಿ ಬರೆದುಕೊಡುತ್ತಿದ್ದರು. ಆಗಿನ್ನೂ ಕಣ್ಣು ಚೆನ್ನಾಗಿತ್ತು, ಕೆಲಸದಲ್ಲೂ ಇದ್ದರು. ಮಂಗಳವಾರ ಬಸ್ಸು ಹತ್ತುವ ಮುಂಚೆ ಚಹಾ ಅಂಗಡಿಯಲ್ಲಿ ಕೊಟ್ಟು ದಾವಣಗೆರೆಗೆ ಬರುತ್ತಿದ್ದರು. ಅಂದರೆ ಆ ನಿಗೂಢ ವ್ಯಕ್ತಿ ಪ್ರತಿ ಮಂಗಳವಾರ ಆರೋಪಿಯನ್ನು ಬಿಟ್ಟು ನೇರವಾಗಿ ನನ್ನ ಪಕ್ಕಕ್ಕೆ ಬಂದು ಕೂರುತ್ತಿದ್ದ. ದಿಲ್ಲಿಯ ಲಕೋಟೆಗಳಲ್ಲಿ ಇರುತ್ತಿದ್ದದ್ದು ಒಂದೇ ಸಾಲು: ನಿಮ್ಮ ಅರ್ಜಿಯನ್ನು ಸಂಬಂಧಪಟ್ಟ ಇಲಾಖೆಗೆ ಕಳಿಸಲಾಗಿದೆ.

ನನ್ನ ಮೂವರು ಸಾಕ್ಷಿಗಳಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ. ಕೂಡಿಸಿದವಳು ನಾನು.

"ಇದನ್ನ ಅಚ್ಚಿಗೆ ಕಳಿಸಬ್ಯಾಡ," ಅಂದರು.

"ಕಳಿಸಿಬಿಟ್ಟೆ ಸರ್."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಂಗಾದ್ರೆ ಇನ್ನೊಂದು ಬರಿ. ಆ ಮನುಷ್ಯ ಇಂಥವ್ನು ಅಂತ ನನ್ನ ಹೆಸರು ಹಾಕು, ಓಣಿ ಹಾಕು, ಕವರಿನ್ಯಾಗೆ ಏನಿತ್ತು ಅಂತ ಹಾಕು. ಅರ್ಜಿಗಳ ನಕಲು ಎಲ್ಲ ಐತೆ," ಅಂದರು.

"ಆರೋಪಿಗೂ ಗುಪ್ತಚರ ಸಂಸ್ಥೆಗೂ ಸಂಬಂಧ ಇಲ್ಲ ಅಂತ ಬರೀತೀನಿ ಸರ್. ನಿಮ್ಮನ್ನ ಉಳಿಸಬೇಕು."

"ಅದು ನಿನಗೆ ಗೊತ್ತಾ? ನನ್ನ ಕವರಿನ ಕತೆ ಬಿದ್ದುಹೋತು. ಬ್ಯಾರೆ ಯಾರ್ದೋ ಇದ್ರೆ? ಫೋನ್ ಬಂದಿದ್ದು ಖರೇ ಆಗಿದ್ರೆ? ಸಂಬಂಧ ಇಲ್ಲ ಅನ್ನೋದೂ ಕೂಡಿಸಿದ್ದೇ ಅವ್ವಾ."

"ತಮ್ಮನನ್ನ ಎಳಕೊಂಡು ಹೋದ ಸಿಟ್ಟಿಗೇ ಕೊಂದಿರಬೇಕು ಹಂಗಾದ್ರೆ."

"ಮತ್ತೆ ಕೂಡಿಸ್ತಿ ನೋಡು."

ಆಗ ನನ್ನ ಬಾಯಿಂದ ಆ ಮಾತು ಬಂತು. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. "ಸರ್, ನೀವು... ನಿಮಗೆ ಅಂಥವರ ಜೊತೆ ಏನೂ ಇಲ್ಲ ತಾನೇ?" ಎಂದು ಕೇಳಿದೆ.

ಅಡಿಗೆಮನೆಯಿಂದ ಅಮ್ಮ ಹೊರಗೆ ಬಂದರು. ಕೈಯೆಲ್ಲ ಹಿಟ್ಟು. "ಇಷ್ಟು ವರ್ಷ ಈ ಮನಿ ರೊಟ್ಟಿ ಉಂಡಾಕಿ ನೀನು!" ಎಂದಷ್ಟೇ ಅಂದರು.

"ಸುಮ್ಕಿರು," ಅಂದರು ಅವರು. "ಆಕಿ ಕೇಳಿದ್ದು ಸರಿ ಐತೆ. ಕೇಳದೆ ಬಿಟ್ಟಿದ್ರೆ ನಾನು ಕಲಿಸಿದ್ದು ದಂಡ. ಇಲ್ಲ ಅಂತ ನಾನು ಹೇಳ್ತೀನಿ ಅವ್ವಾ. ಆದ್ರೆ ನಾನು ಹೇಳಿದ್ದು ಎರಡನೇ ಮೊಳೆ. ನಕಲು ತಗಂಡು ಹೋಗು, ಅಂಚೆ ಕಚೇರ್ಯಾಗೆ ರಿಜಿಸ್ಟರ್ ರಸೀದಿ ತಾಳೆ ನೋಡು."

ಆ ನಿಧಾನ ಕಂಡು ನನಗೆ ಆ ಸುದ್ದಿಗಿಂತ ಹೆಚ್ಚು ದಿಗಿಲಾಯಿತು. ತಾಳೆ ನೋಡಿದೆ. ಮೂವತ್ತೆರಡು ಅರ್ಜಿ, ಮೂವತ್ತೆರಡು ರಸೀದಿ, ಎಲ್ಲ ಸರಿಯಿತ್ತು.

ಸಂಪಾದಕರು ಒಪ್ಪಲಿಲ್ಲ. ನಮ್ಮ ಜಾಲತಾಣ ಅಷ್ಟು ಓದುಗರನ್ನು ಹಿಂದೆಂದೂ ಕಂಡಿರಲಿಲ್ಲ. "ಹೆಸರು ಹಾಕಿದ್ರೆ ನಮ್ಮವನೇ ಅಂತಾಗುತ್ತಲ್ಲಮ್ಮ, ಪತ್ರಿಕೆ ಮಾನ ಹೋಗುತ್ತೆ," ಅಂದರು. ಮೂರನೆಯ ದಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು: ವರದಿಯಲ್ಲಿ ಪ್ರಸ್ತಾಪಿಸಿದ ವ್ಯಕ್ತಿ ಹರಿಹರದ ಸ್ಥಳೀಯ ನಿವಾಸಿ ಎಂದು ತಿಳಿದುಬಂದಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದನ್ನು ಬರೆದವಳೂ ನಾನೇ. ರಾಜೀನಾಮೆ ಕೊಡಬಹುದಿತ್ತು, ಕೊಡಲಿಲ್ಲ. ಸ್ಥಳೀಯ ನಿವಾಸಿ ಎಂಬ ಎರಡು ಪದಕ್ಕೆ ಇಡೀ ಹರಿಹರ ಬಿಳಿ ಅಂಗಿಯವರನ್ನು ಹುಡುಕಲು ಹೊರಟಿತು.

ಅವರು ಯಾರಿಗೂ ಹುಡುಕುವ ಶ್ರಮ ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮನ ಹೆಗಲು ಹಿಡಿದುಕೊಂಡು ಅರ್ಜಿಗಳ ಕಡತದೊಂದಿಗೆ ತಾವೇ ಪೊಲೀಸ್ ಠಾಣೆಗೆ ನಡೆದು ಹೋದರು. ಹೊರರಾಜ್ಯದ ತನಿಖೆಯವರು ಬಂದು ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಿಸಿ ಕೇಳಿದರು. ಮನೆ ಹುಡುಕಿದರು. ನಿವೃತ್ತಿಯ ದಿನ ಸಹೋದ್ಯೋಗಿಗಳು ನೆನಪಿಗೆಂದು ಕೊಟ್ಟಿದ್ದ ಹಿತ್ತಾಳೆಯ ತಂತಿ ಕೀಲಿಯನ್ನು, ಆ ಕಟಕಟ ಬಡಿಯುವ ಹಳೆಯ ಸಾಮಾನನ್ನು, ಎತ್ತಿಕೊಂಡರು. ಪಟ್ಟಿಯಲ್ಲಿ "ಸಂಕೇತ ರವಾನಿಸುವ ಉಪಕರಣ" ಎಂದು ಬರೆದರು. ಅದನ್ನು ಓದಿ ಹೇಳಿದಾಗ ಅವರು, "ರವಾನಿಸೋದು ಅಂತ ಬರೀಬ್ಯಾಡ್ರಿ ಸಾಹೇಬ್ರೆ. ತಂತಿನೇ ಇಲ್ಲ, ಎಲ್ಲಿಗೆ ಹೋಗುತ್ತೆ? ಹಿತ್ತಾಳಿ ಕೀಲಿ ಒಂದು ಅಂತ ಬರೀರಿ. ಕಂಡಿದ್ದು ಅಷ್ಟೇ," ಅಂದರಂತೆ. ತನಿಖೆಯವರೂ ಅವರು ಹೇಳಿದ ಹಾಗೆ ಬರೆದುಕೊಳ್ಳಲಿಲ್ಲ. ಸಂಜೆ ಟಿವಿಯಲ್ಲಿ ಆ ಕೀಲಿಗೆ ಕೆಂಪು ವೃತ್ತ ಹಾಕಿ ತೋರಿಸಿದರು.

ತನಿಖೆಯವರಿಗೆ ಅವರಲ್ಲಿ ಏನೂ ಸಿಗಲಿಲ್ಲ, ಬಿಟ್ಟರು. ಊರು ಬಿಡಲಿಲ್ಲ. ಅಂಗಡಿಯವರು ಮಾತು ನಿಲ್ಲಿಸಿದರು. ಕೆಲವರು ಹಗೆಯಿಂದಲ್ಲ, ಒಂಥರಾ ಭಯಭಕ್ತಿಯಿಂದ ದೂರ ಸರಿದರು. ಅದೇ ಅವರಿಗೆ ಹೆಚ್ಚು ನೋವು ಕೊಟ್ಟಿತು. "ನನಗೆ ನಮಸ್ಕಾರ ಮಾಡಾಕೆ ಹತ್ಯಾರೆ ಅವ್ವಾ, ದಿಲ್ಲಿಯೋನು ಅಂತ," ಎಂದು ಆಸ್ಪತ್ರೆಯಲ್ಲಿ ಒಮ್ಮೆ ಹೇಳಿದರು. ಆರೋಪಿಯ ವಿಚಾರಣೆ ಇನ್ನೂ ನಡೆದಿದೆ. ಅವನ ಹಿಂದೆ ಯಾರಿದ್ದರು, ಇದ್ದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆಸ್ಪತ್ರೆಗೆ ನನ್ನನ್ನು ಕರೆಸಿಕೊಂಡದ್ದು ಅವರೇ. ಅಮ್ಮ ಅಲ್ಲಿ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು.

ಸಾವಿನ ಮನೆಗೆ ಮರಳುತ್ತೇನೆ. ಫೋನು ಚೀಲಕ್ಕೆ ಹಾಕುವಷ್ಟರಲ್ಲಿ ಪಕ್ಕದ ಮನೆಯವರು ಬಂದು ನನ್ನ ಬಳಿ ಬಗ್ಗಿ, "ಯಾರೋ ಬಂದು ಏನೋ ಕುಡಿಸಿದ್ರಂತಲ್ರಿ, ಬಾಯಿ ಮುಚ್ಚಿಸಾಕೆ?" ಎಂದರು.

"ಯಾರು ಕಂಡಿದ್ದು?" ಎಂದೆ. ನನ್ನ ದನಿ ಜೋರಾಯಿತು. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಎಲ್ಲಾರೂ ಅಂತಾರಪ್ಪ..."

"ಕುಡಿಸಿದಾಕಿ ನಾನು. ಗಂಜಿ."

ಅವರು ಸರಿದು ಹೋದರು. ನಾನು ಅಮ್ಮನ ಬಳಿ ಹೋಗಿ ಕೂತೆ. ಎಲ್ಲವನ್ನೂ ಈಗ ಬರೆಯುತ್ತೇನೆ, ಅರ್ಜಿ, ರಸೀದಿ, ನನ್ನ ತಪ್ಪು, ಎಲ್ಲ, ಯಾವ ಸಂಪಾದಕರೂ ಬೇಡ, ಅವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತೇನೆ ಎಂದು ಪಿಸುಗುಟ್ಟಿದೆ. ಅಳುತ್ತಿದ್ದೆ.

ಅಮ್ಮ ಅಳುತ್ತಿರಲಿಲ್ಲ. ಗಂಡನ ಬಿಳಿ ಅಂಗಿಯ ತೋಳು ಮಡಚಿಕೊಂಡಿದ್ದನ್ನು ನೆಟ್ಟಗೆ ಮಾಡಿದರು.

"ಬರಿ," ಅಂದರು. "ಹೆಸರು ಮಾತ್ರ ಬ್ಯಾಡ. ಹಾಕು ಅಂತ ಅವ್ರು ಬಾಯಿಬಿಟ್ಟು ಕೇಳಿದ್ರಲ್ಲ, ಅವತ್ತು ಹಾಕಬೇಕಿತ್ತು."